ಮೊರೆಗೋಲ್‌ನಿಂದ ಉತ್ತರಕ್ಕೆ ಹೋದ ಹೆಸರು

ನಾನು ಮೊರೆಗೋಲ್ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಕೆಲಸಕ್ಕೆ ಬಂದಾಗ, ಉತ್ತರ ದಿಕ್ಕಿನ ಹಳಿಗಳು ಮುನ್ನೂರು ಹೆಜ್ಜೆಯಾಚೆ ಮುಗಿದುಹೋಗುತ್ತಿದ್ದವು. ಅಲ್ಲಿಂದಾಚೆ ಕಳೆ, ಮುಳ್ಳುತಂತಿ, ಸೈನಿಕರು. ದೇಶವನ್ನು ಉತ್ತರ, ದಕ್ಷಿಣ ಎಂದು ಎರಡು ಮಾಡಿದ ಯುದ್ಧದ ಮೊದಲ ಚಳಿಗಾಲದಲ್ಲಿ ಸಾಮಾನು ಹೊತ್ತು ಉತ್ತರಕ್ಕೆ ಹೋದ ಗಾಡಿಯೊಂದು ಮರಳಿ ಬರಲೇ ಇಲ್ಲ. ಅದರ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಸುನ್‌ಹೋಗೆ ಆಗಷ್ಟೇ ಮದುವೆಯಾಗಿ ಏಳು ತಿಂಗಳಾಗಿತ್ತು.

ಅವನ ಹೆಂಡತಿ ಬೊಂಗ್‌ನ್ಯೊ ಅಂದಿನಿಂದ ಸ್ಟೇಷನ್ ಎದುರು ಬೇಯಿಸಿದ ಜೋಳದ ತೆನೆ ಮಾರುತ್ತಿದ್ದಳು. ನಿವೃತ್ತ ಸ್ಟೇಷನ್ ಮಾಸ್ಟರ್ ಟಾಕ್, ಹೆಂಡತಿ ತೀರಿಹೋದವರು, ಹಲ್ಲು ಸಡಿಲಾಗಿದ್ದರೂ ದಿನಕ್ಕೊಂದು ತೆನೆ ತಿನ್ನುತ್ತಿದ್ದರು.

“ಗಂಡ ಬದುಕಿರೋಳ ಹತ್ರ ಎರಡೆರಡು ಸಲ ಮದುವೆ ಮಾತು ಎತ್ತಿದ್ದೀರಲ್ಲ ಮಾಸ್ಟ್ರೇ, ನಾಚಿಕೆ ಆಗಲ್ವಾ?”

“ಆಗುತ್ತೆ. ಆದ್ರೆ ಜೋಳ ಚೆನ್ನಾಗಿದೆಯಲ್ಲ.”

ಕೊನೆಗೊಮ್ಮೆ ಹಳಿಗಳು ಕೂಡಿದವು. ದಿನಕ್ಕೊಂದು ಗೂಡ್ಸ್ ಗಾಡಿ ಗಡಿ ದಾಟತೊಡಗಿತು. ಟಾಕ್ ತಾವೇ ಒಂದು ಚೀಟಿಯಲ್ಲಿ ಸುನ್‌ಹೋನ ಹೆಸರು ಬರೆದು, ವಿಚಾರಿಸು ಎಂದು ಡ್ರೈವರ್ ಮ್ಯೊಂಗ್‌ನ ಕೈಗಿಟ್ಟರು.

“ಅವರು ಬದುಕಿದ್ರೆ ನಿಮ್ಮ ಗತಿ?” ಎಂದೆ.

“ಮೊದಲು ಅವಳಿಗೆ ಗೊತ್ತಾಗ್ಲಿ ಕಣಮ್ಮ.”

ಎರಡು ತಿಂಗಳ ಮೇಲೆ ಮ್ಯೊಂಗ್ ಬಂದು ಬೊಂಗ್‌ನ್ಯೊ ಎದುರು ಕುಕ್ಕರಗಾಲಲ್ಲಿ ಕೂತ.

“ಅಜ್ಜಿ, ಆ ಕಡೆಯ ರೈಲ್ವೆ ಇನ್‌ಸ್ಪೆಕ್ಟರ್‌ಗೆ ಕೆಲಸ ಕಲಿಸಿದ್ದೇ ನಿಮ್ಮ ಯಜಮಾನ್ರಂತೆ. ತೀರಿಕೊಂಡು ಹನ್ನೊಂದು ವರ್ಷ ಆಯ್ತಂತೆ.”

“ಇನ್ನೂ ಏನೋ ಇದೆ. ಹೇಳು.”

“ಅಲ್ಲೇ ಮದುವೆ ಆಗಿದ್ರಂತೆ. ಇಬ್ಬರು ಹೆಣ್ಣುಮಕ್ಕಳು.”

ಅವಳು ಪಾತ್ರೆಯ ಮುಚ್ಚಳ ಮುಚ್ಚಿದಳು. “ಸದ್ಯ, ಹೊತ್ತಿಗೆ ಸರಿಯಾಗಿ ಯಾರೋ ಅನ್ನ ಹಾಕಿದ್ದಾರೆ. ಬಡಿಸ್ಕೊಳ್ಳೋಕೂ ಬರ್ತಿರಲಿಲ್ಲ ಅವನಿಗೆ” ಎಂದಳು. ಆಮೇಲೆ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು.

ಬದುಕಿರಬಹುದೆಂದು ಅಷ್ಟು ವರ್ಷ ಅವಳು ಗಂಡನಿಗೆ ಎಡೆ ಇಟ್ಟಿರಲಿಲ್ಲ. ಆ ವಾರ ಇಟ್ಟಳು: ಅನ್ನ, ಸಾರು, ಒಣಮೀನು. ಮರಸೇಬು ತಂದವರು ಟಾಕ್. ಹಳೆಯ ಯೂನಿಫಾರ್ಮ್ ತೊಟ್ಟು, ಎಡೆಯ ಹಿಂದೆ ಕಾಗದದಲ್ಲಿ ಬರೆದಿಟ್ಟಿದ್ದ ಸುನ್‌ಹೋನ ಹೆಸರಿಗೆ ನೆಲಕ್ಕೆ ಹಣೆಯೂರಿ ಎರಡು ಸಲ ನಮಸ್ಕರಿಸಿದರು.

ನಾವು ಊಟಕ್ಕೆ ಕೂತಾಗ ಅವಳು ಟಾಕ್ ಅವರ ಬಟ್ಟಲಿಗೆ ಸಾರು ಹಾಕಿ, “ಈಗ ಕೇಳಿ” ಎಂದಳು.

“ಏನು?”

“ಆಗ ಕೇಳಿದ್ದನ್ನೇ.”

ಟಾಕ್ ಕೆಂಪಾದರು.

“ನನಗಿಂತ ಐದು ವರ್ಷ ಚಿಕ್ಕವರು. ಅದಕ್ಕೇ ಇನ್ನೂ ಬುದ್ಧಿ ಬಂದಿಲ್ಲ” ಎಂದು ನನಗೆ ಹೇಳಿ ನಕ್ಕಳು.

ಮರುವರ್ಷ ಗೂಡ್ಸ್ ಗಾಡಿ ನಿಂತುಹೋಯಿತು. ಉತ್ತರದ ಹಳಿಗೆ ಮತ್ತೆ ತುಕ್ಕು ಹತ್ತಿತು. ಆ ವಸಂತದಲ್ಲಿ ಅವರಿಬ್ಬರೂ ಸಮುದ್ರ ನೋಡಲು ದಕ್ಷಿಣಕ್ಕೆ ಹೊರಟರು. ಐವತ್ತೇಳು ವರ್ಷ ಸ್ಟೇಷನ್ ಎದುರು ಕೂತಿದ್ದ ಬೊಂಗ್‌ನ್ಯೊ ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದಳು, ಕೊಟ್ಟೆ.