ಖಾನೆಯಲ್ಲಿ ಸಿಕ್ಕ ಹಿತ್ತಾಳೆ ಡಬ್ಬಿ

ಅಪ್ಪನ ಕ್ಷೌರದಂಗಡಿಯ ಛಾವಣಿ ಇಂದೋ ನಾಳೆಯೋ ಎನ್ನುವಂತಿತ್ತು. ಸಂಜೆಯೊಳಗೆ ಖಾಲಿ ಮಾಡಬೇಕಿತ್ತು. ಅಂಗಡಿಯ ಹಿಂದಿನ ಕೋಣೆಯೇ ಅಪ್ಪನ ಮನೆ. ತಮ್ಮ ಲಾರಿ ಡ್ರೈವರ್, ಕಾಲು ನಿಂತಲ್ಲಿ ನಿಲ್ಲದವನು. ಅಕ್ಕನ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಆದರೆ ಅವಳು ಬಂದವಳೇ ಹೇಳಿಬಿಟ್ಟಿದ್ದಳು: "ಸಾಮಾನು ಕಟ್ಟಿಕೊಡ್ತೀನಿ. ಅಪ್ಪನ್ನ ಮಾತ್ರ ಕರ್ಕೊಂಡು ಹೋಗಲ್ಲ."

ಕಾರಣ ಅವಳ ಬೆನ್ನ ಮೇಲಿತ್ತು. ನೆನಪು ಬಲಿಯುವ ಮೊದಲೇ ಬಿದ್ದ ಸಾಲು ಸಾಲು ಗೀರುಗಳು. ಸಿಟ್ಟಿನಲ್ಲಿ ಅಪ್ಪ ಕತ್ತಿ ಆಡಿಸಿದ್ದು ಎಂದು ಚಿಕ್ಕಮ್ಮ ಹೇಳಿದ್ದಳು. ಕೇಳಿದಾಗ ಅಪ್ಪ ತಲೆ ತಗ್ಗಿಸಿದ್ದ. ಇನ್ನೇನು ಸಾಕ್ಷಿ ಬೇಕು?

ಕನ್ನಡಿಯ ಕೆಳಗಿನ ಖಾನೆಯಲ್ಲಿ ತಮ್ಮನಿಗೆ ಒಂದು ಹಿತ್ತಾಳೆ ಡಬ್ಬಿ ಸಿಕ್ಕಿತು. ಎರಡು ಬೆಂಕಿಪೊಟ್ಟಣ ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಮೇಲೊಂದು ಹಿಡಿ, ಪಕ್ಕದಲ್ಲಿ ಗುಂಡಿ, ತಳದಲ್ಲಿ ಸಣ್ಣ ಸೀಳುಗಳು.

"ಏನಕ್ಕಾ ಇದು? ಮುದ್ರೆ ಒತ್ತೋದಾ?"

"ಹೂಂ, ದೊಡ್ಡ ಕಚೇರಿ ಸಾಹೇಬ್ರು ನಮ್ಮಪ್ಪ, ಮುದ್ರೆ ಒತ್ತೋಕೆ."

ತಮ್ಮ ಹಿಡಿ ಎಳೆದ. ಒಳಗೆ ಏನೋ ಬಿಗಿಯಿತು. ಡಬ್ಬಿಯನ್ನು ಅಂಗೈ ಮೇಲಿಟ್ಟು ಗುಂಡಿಗೆ ಬೆರಳು ತಂದ.

"ಕೈ ತೆಗಿಯೋ." ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಬೆಳಗಿನಿಂದ ಆಡಿದ ಮೊದಲ ಮಾತು ಅದು.

ಅಕ್ಕ ಡಬ್ಬಿ ಕಸಿದು, ಸಾಬೂನಿನ ಬಿಲ್ಲೆಯ ಮೇಲಿಟ್ಟು ಗುಂಡಿ ಅದುಮಿದಳು. ಟಕ್ಕೆಂದಿತು. ಅಲಗುಗಳು ಕಂಡೂ ಕಾಣದಂತೆ ಹೊರಬಂದು ಒಳಸೇರಿದವು. ಸಾಬೂನಿನ ಮೇಲೆ ಸಾಲು ಸಾಲು ಗೀರು. ಅವಳ ಬೆನ್ನಿನವೇ, ಅಲ್ಲಿ ಮೈ ಬೆಳೆದಂತೆ ಹಿಗ್ಗಿದ್ದವು, ಅಷ್ಟೇ.

ಅವಳು ಅಪ್ಪನ ಕಡೆ ತಿರುಗಿದಳು. "ಕತ್ತಿ ಸಾಲದು ಅಂತ ಯಂತ್ರ ಬೇರೆ ಇಟ್ಕೊಂಡಿದ್ಯಾ? ಹಸುಗೂಸಿಗೆ?"

ತಮ್ಮ ಅಪ್ಪನ ತುಂಬುತೋಳಿನ ಅಂಗಿಯನ್ನೇ ನೋಡುತ್ತಿದ್ದ. ಯಾವ ಕತ್ತಿ ಮಸೆದರೂ ಮೊದಲು ತನ್ನ ಕೈ ಮೇಲೆ ಎಳೆದು ನೋಡದೆ ಗಿರಾಕಿಯ ಕೆನ್ನೆಗೆ ತಂದವನಲ್ಲ ಅಪ್ಪ. ತಮ್ಮ ಮಂಡಿಯೂರಿ ಅಂಗಿಯ ತೋಳನ್ನು ಮೇಲಕ್ಕೆ ಮಡಿಚುತ್ತ ಹೋದ. ಮೊಣಕೈ ದಾಟಿದ ಮೇಲೆ ಅದೇ ಗೀರುಗಳು. ಒಂದು ಕಡೆ ಅಲ್ಲ, ಎರಡು ಕಡೆ.

"ಮಗೂನ ಹೊಡೆಯೋನು ಮೊದಲು ತನಗೆ ಹೊಡ್ಕೋತಾನೇನಕ್ಕಾ?"



"ನಮ್ಮಜ್ಜನ ಕಾಲದ್ದು," ಎಂದ ಅಪ್ಪ. "ಕೆಟ್ಟ ರಕ್ತ ತೆಗೆಯೋ ಡಬ್ಬಿ. ಜ್ವರ ನೆತ್ತಿಗೇರಿ ನಿನ್ನ ಕಣ್ಣು ಮೇಲಾಗಿತ್ತು. ಡಾಕ್ಟರು ಊರಲ್ಲಿರಲಿಲ್ಲ, ಇದನ್ನ ನಿನ್ನ ಬೆನ್ನಿಗೊತ್ತಿದೆ. ಆಮೇಲೆ ಬಂದು, ಜ್ವರ ಅಲ್ಲಯ್ಯ, ರಕ್ತ ತೆಗೆದು ನೀನೇ ಮಗೂನ ಕೊಲ್ತಿದ್ದೆ ಅಂದ್ರು. ನೀನು ಕೇಳಿದಾಗ ಏನಂತ ಹೇಳ್ಲಿ, ತಾಯಿ?"

ಅಕ್ಕ ಡಬ್ಬಿಯನ್ನು ಖಾನೆಗೆ ಹಾಕಿ ಮುಚ್ಚಿದಳು. "ಇದಕ್ಕೆ ನನ್ನ ಮನೇಲಿ ಜಾಗ ಇಲ್ಲ."

ಅಪ್ಪ ತಲೆಯಾಡಿಸಿದ. ಅವಳು ಬಾಗಿ, ಮಡಿಚಿದ ಅವನ ಅಂಗಿಯ ತೋಳನ್ನು ಇಳಿಸಿ, ಮುಂಗೈಯ ಗುಂಡಿ ಹಾಕಿದಳು.

"ಅಪ್ಪನ ಕುರ್ಚಿಗೆ ಜಾಗ ಇದೆ," ಎಂದಳು ತಮ್ಮನಿಗೆ. "ಲಾರಿಗೆ ಹತ್ತಿಸು."