ಕತ್ತರಿಯ ಹಿಡಿಗೆ ಸುತ್ತಿದ ಬಟ್ಟೆ

ಕತ್ತರಿ ಮೇಜಿನ ಮೇಲೆ, ಮೊಣಕೈ ಪಕ್ಕದಲ್ಲೇ ಇತ್ತು. ಆದರೂ ಎಲ್ಲಿ ಬಚ್ಚಿಟ್ಟೆ ಎಂದು ಅಕ್ಕ ತಂಗಿಯ ಮೇಲೆ ಹರಿಹಾಯ್ದಳು. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಒಂದೇ ಅಂಗಡಿಯಲ್ಲಿ ಇಬ್ಬರ ತಲೆಯೂ ನರೆತಿತ್ತು. ತಂಗಿ ಕತ್ತರಿಯನ್ನು ಅಕ್ಕನ ಕಣ್ಣ ಮುಂದೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಸ್ವಲ್ಪ ಸರಿಯುವಷ್ಟರಲ್ಲೇ ಅದು ಮಾಯವಾಯಿತೆಂದು ಹೇಳುವಾಗ ಅಕ್ಕನ ದನಿ ಇಳಿದಿತ್ತು.

ತಲೆಬುರುಡೆಯ ತಳದಲ್ಲಿ ಮಿದುಳಿನ ಹೊದಿಕೆಯಿಂದ ಒಂದು ಗೆಡ್ಡೆ ಎದ್ದು ಕಣ್ಣಿನ ನರಗಳನ್ನು ಒತ್ತುತ್ತಿದೆ ಎಂದರು ಡಾಕ್ಟರಮ್ಮ, ಸ್ಕ್ಯಾನ್ ನೋಡಿ. ಕ್ಯಾನ್ಸರಿನ ಹಾಗೆ ಕಾಣುವುದಿಲ್ಲ, ಆದರೆ ಬಿಟ್ಟರೆ ಕಣ್ಣು ಹೋಗುತ್ತದೆ. ಬುರುಡೆ ತೆರೆದು ತೆಗೆಯುವುದೆಂದು ಮಾತಾಯಿತು.

ಒಪ್ಪಿಗೆಯ ಸಹಿಗೆ ಅಕ್ಕ ಪೆನ್ನು ಹಿಡಿದಾಗ ಡಾಕ್ಟರಮ್ಮನ ಕಣ್ಣು ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಚರ್ಮ ಸುಲಿದು ಕೆಂಪಾಗಿತ್ತು. ಕತ್ತರಿ ಉಜ್ಜಿದ್ದು ಎಂದಳು ಅಕ್ಕ. ಬೆರಳು ನೋಯದಿರಲೆಂದು ಹಿಡಿಗೆ ಬಟ್ಟೆ ಸುತ್ತಿಕೊಳ್ಳುವುದು ಅವಳ ರೂಢಿ. ಈಚೆಗೆ ಬೆರಳು ತೂರುವುದಿಲ್ಲವೆಂದು ಒಂದೊಂದೇ ಸುತ್ತು ಬಿಚ್ಚುತ್ತ ಬಂದು, ಈಗ ಬರೀ ಕಬ್ಬಿಣಕ್ಕೇ ಬೆರಳು ತುರುಕುತ್ತಿದ್ದಳು. ವಯಸ್ಸಾಯಿತಲ್ಲ, ಕೈ ಊದಿರಬೇಕು ಎಂದುಕೊಂಡಿದ್ದಳು.

ಡಾಕ್ಟರಮ್ಮ ಆ ಕೈ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ನೋಡಿದರು.

"ಸಹಿ ಈಗ ಬೇಡಮ್ಮ. ಹೊದಿಕೆಯಿಂದ ಎದ್ದ ಈ ಗೆಡ್ಡೆ ಬೆರಳು ದಪ್ಪ ಮಾಡಲ್ಲ."

ರಕ್ತ ಪರೀಕ್ಷಿಸಿದಾಗ, ಹೆಚ್ಚಾದರೆ ಬೆರಳು ದಪ್ಪಗಾಗಿಸುವ ಬೆಳವಣಿಗೆಯ ಹಾರ್ಮೋನು ಮಿತಿಮೀರಿತ್ತು. ಮತ್ತೆ ಸ್ಕ್ಯಾನ್ ಮಾಡಿ ಹುಡುಕಿದಾಗ, ದೊಡ್ಡ ಗೆಡ್ಡೆಯ ಮರೆಯಲ್ಲಿ, ಆ ಹಾರ್ಮೋನು ಸುರಿಸುವ ಪಿಟ್ಯುಟರಿ ಗ್ರಂಥಿಯೊಳಗೆ ಇನ್ನೊಂದು ಪುಟ್ಟದು ಅಡಗಿತ್ತು. ಎರಡೂ ಬೇರೆ ಬೇರೆ ಜಾತಿ. ಹೀಗೆ ಜೊತೆಯಾಗಿ ಸಿಗುವುದು ಬಲು ಅಪರೂಪ. ದೊಡ್ಡದನ್ನಷ್ಟೇ ತೆಗೆದಿದ್ದರೆ ಪುಟ್ಟದು ಹೃದಯಕ್ಕೂ ಕೈಹಾಕುತ್ತಿತ್ತು. ಮೂಗಿನ ದಾರಿಯಿಂದ ಹೋದರೆ ಎರಡನ್ನೂ ಒಂದೇ ಸಲಕ್ಕೆ ತೆಗೆಯಬಹುದೆಂದು ತೀರ್ಮಾನ ಬದಲಾಯಿತು.

"ನನ್ನ ತಲೇಲಿ ಏನೂ ಇಲ್ಲ ಅಂತ ಆಡ್ಕೋತಿದ್ದೆಯಲ್ಲ," ಎಂದಳು ಅಕ್ಕ ವಾರ್ಡಿನಲ್ಲಿ, "ಎರಡೆರಡಿವೆ ನೋಡು."

"ಕಂಡವರ ವಿಷಯಕ್ಕೆಲ್ಲ ಮೂಗು ತೂರಿಸ್ತಿದ್ದೆ. ಈಗ ನಿನ್ನ ಮೂಗಿಗೇ ತೂರಿಸ್ತಾರೆ," ಎಂದ ತಂಗಿ, ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಆಪರೇಷನ್ನಿನಲ್ಲಿ ಪುಟ್ಟದು ಪೂರ್ತಿ ಬಂತು. ದೊಡ್ಡದರ ಒಂದು ಚೂರು ನರಕ್ಕೆ ಕಚ್ಚಿಕೊಂಡಿತ್ತು. ಎಳೆದರೆ ಕಣ್ಣಿಗೇ ಪೆಟ್ಟೆಂದು ಅದನ್ನು ಅಲ್ಲೇ ಬಿಟ್ಟರು. ಆಗಾಗ ಸ್ಕ್ಯಾನ್ ಮಾಡಿ ಕಾವಲಿಡಬೇಕು.

ಅಕ್ಕ ಅಂಗಡಿಗೆ ಮರಳಿದ ದಿನ ತಂಗಿ ಸದ್ದಿಲ್ಲದೆ ಕತ್ತರಿಯನ್ನು ಅವಳ ಮೊಣಕೈ ಪಕ್ಕಕ್ಕಿಟ್ಟಳು. ಅಕ್ಕ ತಲೆ ತಿರುಗಿಸದೆ ಕೈ ಚಾಚಿ ಎತ್ತಿಕೊಂಡಳು. ರವಿಕೆಯ ಒಂದು ತೋಳು ಕತ್ತರಿಸುವಷ್ಟರಲ್ಲಿ, ಊತ ಇಳಿಯುತ್ತಿದ್ದ ಹೆಬ್ಬೆರಳಲ್ಲಿ ಹಿಡಿ ಸಡಿಲವಾಗಿ ಆಡತೊಡಗಿತು.

"ಜಾರ್ತಿದೆ ಕಣೇ. ಒಂಚೂರು ಬಟ್ಟೆ ಕೊಡು."

ತಂಗಿ ಮೊಳದುದ್ದ ಹರಿದು ಕೊಟ್ಟಳು. ಇಷ್ಟೇಕೆ ಎಂದು ಅಕ್ಕ ಕೇಳಿದಳು.

"ಇಟ್ಕೋ. ಇನ್ನೂ ಸುತ್ತೋದಿದೆ."