ಒಂದೇ ತಾನಿನ ಬಟ್ಟೆ

ಕೊತ್ತಂಬರಿ ಕಟ್ಟಿನ ನೀರು ಮೊಣಕೈವರೆಗೂ ಇಳಿಯುತ್ತಿದೆ, ತಣ್ಣಗೆ, ಇರುವೆ ಹರಿದ ಹಾಗೆ, ಒರೆಸಿಕೊಳ್ಳೋಣವೆಂದರೆ ಇನ್ನೊಂದು ಕೈಯಲ್ಲಿ ಎಣ್ಣೆಯ ಸ್ಟೀಲ್ ಡಬ್ಬಿ, ಗಾಂಧಿ ಬಜಾರಿನ ಈ ಗದ್ದಲದಲ್ಲಿ ಅಜ್ಜಿ ಮುಂದೆ ಮುಂದೆ ನಡೆಯುತ್ತಿದ್ದಾಳೆ, ಹಿಂತಿರುಗಿ ನೋಡುವುದಿಲ್ಲ, ಬೆಳಿಗ್ಗೆಯಿಂದ ಆ ವಿಷಯವಾಗಿ ಒಂದು ಮಾತೂ ಆಡಿಲ್ಲ — ನಾನು ಭದ್ರಾವತಿಯಿಂದ ಬಸ್ಸು ಹಿಡಿದು ಬಂದವಳೇ ಚಿಕ್ಕಪ್ಪನ ಮನೆಯ ಅಡಿಗೆಮನೆ ಬಾಗಿಲಲ್ಲಿ ನಿಂತು, ಅಜ್ಜಿ, ನಿನ್ನ ಟ್ರಂಕಲ್ಲಿದ್ದ ಬಿಳಿ ಬಟ್ಟೆ ಕತ್ತರಿಸಿ ಚೀಲ ಹೊಲಿದುಬಿಟ್ಟೆ, ನಂಗೆ ಗೊತ್ತಿರ್ಲಿಲ್ಲ, ಅಂದೆ, ನನ್ನ ಹತ್ತಿರ ಉಳಿದಿದ್ದ ಒಂದೇ ಚೀಲವನ್ನು ಮುಂದೆ ಹಿಡಿದೆ, ಅವಳು ಇಸಿದುಕೊಂಡಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು, ನಡಿ, ತರಕಾರಿ ತರಣ, ಅಂದಳು, ಅಷ್ಟೇ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ಸತ್ತಾಗ ಹೊದಿಸಲೆಂದು ಎತ್ತಿಟ್ಟ ಬಟ್ಟೆ ಅದು, ಷಣ್ಮುಖಪ್ಪಜ್ಜ ಇರುವಾಗಲೇ ಇಬ್ಬರೂ ಹೋಗಿ ಒಂದೇ ತಾನಿನಿಂದ ಎರಡು ಪಾಲು ಹರಿಸಿಕೊಂಡು ಬಂದಿದ್ದರಂತೆ, ಅಜ್ಜ ತನ್ನ ಪಾಲು ಹೊದ್ದು ಮಣ್ಣೊಳಗೆ ಕೂತ — ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸುತ್ತಾರೆ, ಕಥೆ ಕೇಳಲು ಕೂತವರ ಹಾಗೆ — ಅಜ್ಜಿಯ ಪಾಲು ಭದ್ರಾವತಿ ನ್ಯೂ ಟೌನಿನ ನಮ್ಮ ಮನೆಯ ಟ್ರಂಕಿನಲ್ಲಿ ಕಾದಿತ್ತು, ನಾನು ಅದಕ್ಕೆ ಹಿಡಿಕೆ ಹಚ್ಚಿದೆ.

ಕಥೆಯಿಂದಲೇ ಶುರುವಾಗಿದ್ದು ಇದೆಲ್ಲ, ಒಬ್ಬಳು ರಾಣಿಯಂತೆ, ಒಂದು ಸಲ ಉಟ್ಟ ಸೀರೆ ಇನ್ನೊಂದು ಸಲ ಉಡುವವಳಲ್ಲವಂತೆ, ಕಿಟಕಿಯಿಂದ ಹೊಳೆಗೆ ಎಸೆಯುತ್ತಾ ಹೋದಳಂತೆ, ಒಂದು ದಿನ ಸೀರೆಗಳೆಲ್ಲ ಸೇರಿ ಹೊಳೆಗೆ ಅಡ್ಡ ಮಲಗಿದವು, ಹೊಳೆ ಹೋಗಲು ದಾರಿಯಿಲ್ಲದೆ ಅರಮನೆಯ ಮೆಟ್ಟಿಲು ಹತ್ತಿ ಬಂತು, ಅಮ್ಮಾ ಎಲ್ಲಿಗೆ ಹೋಗ್ಲಿ ಅಂತ ರಾಣಿಯನ್ನೇ ಕೇಳಿತು — ಆಮೇಲೆ, ಅಜ್ಜಿ, ಆಮೇಲೆ — ಆಮೇಲೆ ನಿದ್ದೆ ಮಾಡು. ಹೋದ ತಿಂಗಳು ಗಾಜನೂರಿಗೆ ಹೋದಾಗ ತುಂಗೆಯ ದಡದ ಪೊದೆಗಳಲ್ಲಿ ಸಿಕ್ಕಿಕೊಂಡ ಕವರುಗಳು, ನೀಲಿ, ಕಪ್ಪು, ಗಾಳಿಗೆ ಪಟಪಟ ಅನ್ನುತ್ತಿದ್ದವು, ರಾಣಿ ನಾನೇ ಅನ್ನಿಸಿತು, ಮನೆಗೆ ಬಂದು ಅಡಿಗೆಮನೆಯ ಗೂಡಿನಲ್ಲಿ ನೋಡಿದರೆ ಕವರಿನೊಳಗೆ ಕವರು ತುರುಕಿದ ಒಂದು ದೊಡ್ಡ ಕವರು, ಅಂದೇ ಫೋನ್ ಮಾಡಿದ್ದು, ಅಜ್ಜಿ, ಚೀಲ ಹೊಲಿಯೋಕೆ ಹಳೇ ಬಟ್ಟೆ ಐತಾ, ಟ್ರಂಕಲ್ಲಿ ಗಂಟೈತೆ ತಗಳೇ ಮಾರಾಯ್ತಿ, ಅಂದಳು. ಗಂಟು ಎರಡಿದ್ದವು. ಒಂದರಲ್ಲಿ ಸವೆದ ಸೀರೆಗಳು, ಮುಟ್ಟಿದರೆ ಹರಿಯುವಂಥವು, ಇನ್ನೊಂದರಲ್ಲಿ ಗಟ್ಟಿ ಬಿಳಿ ಬಟ್ಟೆ, ಮಡಿಕೆಯ ನಡುವೆ ಒಂದು ವಿಭೂತಿ ಗಟ್ಟಿ — ಹುಳ ಹಿಡಿಯಬಾರದೆಂದು ಇಟ್ಟಿದ್ದಾಳೆ ಅಂದುಕೊಂಡೆ, ನಮ್ಮ ಅಜ್ಜಿ ಎಷ್ಟು ಜಾಣೆ, ಅಂಗಡಿಯ ನುಸಿಗುಳಿಗೆಯ ವಾಸನೆ ಬೇಡವೆಂದು ವಿಭೂತಿ ಇಟ್ಟಿದ್ದಾಳೆ, ಅಂತ ಖುಷಿಪಟ್ಟು ಗಟ್ಟಿಯನ್ನು ದೇವರ ಗೂಡಿನಲ್ಲಿಟ್ಟು ಕತ್ತರಿ ಹಿಡಿದೆ. ಬೀದಿಗೆಲ್ಲ ಹಂಚಿದೆ, ಜಗದಾಂಬಾ ಟೀಚರಿಗೆ, ಎದುರು ಮನೆಯ ಭವಾನಿಯಕ್ಕನಿಗೆ, ಇನ್ಮೇಲೆ ಕವರ್ ತಗೋಬೇಡಿ ಅಕ್ಕಾ, ಅವರೆಲ್ಲ ನಕ್ಕು ತಗೊಂಡರು, ತಗೊಂಡು ಬಳಸಿದರು ಕೂಡ, ನಿನ್ನೆ ಅಮ್ಮ ಆಯನೂರಿನಿಂದ ಬಂದು, ಬಾಗಿಲ ಮೊಳೆಗೆ ತೂಗುಹಾಕಿದ್ದ ಚೀಲ ನೋಡಿ, ಕಾಲಿನ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ಕೂತಳು, ಆ ಬಟ್ಟೆ ಎಲ್ಲಿ ಸಿಕ್ತೇ ನಿಂಗೆ — ಅವಳ ದನಿ ಈಗಲೂ ಕಿವಿಯಲ್ಲಿದೆ. ಅಜ್ಜಿ ಅಜ್ಜನ ಪಕ್ಕ ಹೋಗಿ ಕೂರುವಾಗ ಬೇರೆ ಯಾವುದೋ ಬಟ್ಟೆ ಹೊದ್ದು ಹೋದರೆ ಅಜ್ಜ ಗುರುತು ಹಿಡಿಯದಿದ್ದರೆ, ಹುಚ್ಚು ಯೋಚನೆ, ಗೊತ್ತು, ಆದರೆ ಇವಳ ಕಥೆಗಳಲ್ಲೇ ಬೆಳೆದವಳಿಗೆ ಬರುವ ಯೋಚನೆ ಇಂಥದ್ದೇ, ಬಸ್ಸಿನ ದಾರಿಯುದ್ದಕ್ಕೂ ಅದೊಂದೇ.

ಅಜ್ಜಿ ನಿಂತಳು, ಬೀರಪ್ಪನ ಅಂಗಡಿ, ನುಗ್ಗೆಕಾಯಿ ಆರಿಸುತ್ತಿದ್ದಾಳೆ, ಒಂದೊಂದನ್ನೂ ತಿರುಚಿ ನೋಡಿ, ಬೀರಪ್ಪ ಅಭ್ಯಾಸಬಲದಿಂದ ತೆಳು ಕವರು ಕಿತ್ತು ಬಾಯಿಂದ ಊದಿದ, ಅಜ್ಜಿ ಚೀಲ ಅಗಲಿಸಿ ಹಿಡಿದಳು, ಇದ್ರಾಗೆ ಹಾಕು. ಚೀಲ ಭಾರಿ ಗಟ್ಟಿ ಐತಲ್ಲ ಮಹಾಂತಮ್ಮಾರೇ, ಎಲ್ಲಿ ತಗಂಡ್ರಿ, ಅಂದ ಅವನು. ನಾನು ಕೊತ್ತಂಬರಿಯ ಬೇರು ನೋಡುತ್ತಾ ನಿಂತೆ, ಮಣ್ಣು ಹತ್ತಿದ ಬೇರು, ಭೂಮಿ ಬಾಯಿ ಬಿಡಬಾರದೇ. ನನ್ ಮೇಲೆ ಹೊದಸ್ಲಿ ಅಂತ ಇಟ್ಟಿದ್ದೆ ಕಣಪ್ಪ, ಮೊಮ್ಮಗಳು ಚೀಲ ಮಾಡಿದ್ಲು, ಈಗ ಅದ್ನ ನಾನೇ ಹೊತ್ಕಂಡು ತಿರುಗ್ತಿದೀನಿ. ಬೀರಪ್ಪ ತಕ್ಕಡಿ ಹಿಡಿದವನು ಹಾಗೇ ನಿಂತ, ಆಮೇಲೆ ನಕ್ಕ, ಅಜ್ಜಿಯೂ ನಕ್ಕಳು, ಬಾಯಲ್ಲಿ ಉಳಿದ ಹಲ್ಲೆಲ್ಲ ಕಾಣುವಂತೆ, ಅಂಗಡಿಯಿಂದ ಸರಿದ ಮೇಲೆ ನಾನು ಅವಳ ಸೆರಗು ಹಿಡಿದೆ, ಚಿಕ್ಕವಳಾಗಿದ್ದಾಗ ಹಿಡಿದ ಹಾಗೆ, ಎಲ್ಲಾರ ಹತ್ರ ವಾಪಸ್ ಇಸ್ಕಂಡು ಬರ್ತೀನಜ್ಜಿ, ಹೊಲಿಗೆ ಬಿಚ್ಚಿ ಕೂಡಿಸ್ತೀನಿ, ಅಂದೆ, ಆದ್ರೆ ಭವಾನಿಯಕ್ಕ ಅದ್ರಲ್ಲಿ ಮೀನು ತಂದ್ಲಂತೆ. ಅಜ್ಜಿ ನಿಂತು ತಿರುಗಿದಳು, ಯಾವ ಮೀನಂತೆ, ಅಂದಳು, ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು, ಅವಳು ನನ್ನ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಒರೆಸಿದಳು, ಆ ಬೆರಳಿಗೆ ನುಗ್ಗೆಯ ಹಸಿ ವಾಸನೆ. ಕೊಟ್ಟಿದ್ದು ಕೊಟ್ಟಾಯ್ತು, ಕೇಳ್ಬೇಡ. ಹೊಸಾ ಬಟ್ಟೆ ಮಣ್ಣಿಗೆ ಹಾಕಿ ಏನು ಮಾಡೋದೈತೆ. ನಂಗೆ ಆ ಹಸಿರು ಸೀರೆ ಹೊದಸಿ, ನಿಮ್ಮಜ್ಜ ಜಗಳ ಮಾಡಿ ಕೊಡ್ಸಿದ್ದು, ಉಟ್ಟು ಉಟ್ಟು ಮೆತ್ತಗಾಗೈತೆ, ಅದಾದ್ರೆ ಅವ್ರಿಗೂ ಗುರ್ತು ಸಿಗ್ತದೆ. ನಾನು ಬಸ್ಸಿನಲ್ಲಿ ಯೋಚಿಸಿದ್ದನ್ನು ಇವಳಿಗೆ ಹೇಳಿಯೇ ಇರಲಿಲ್ಲ, ಹೇಳಿಯೇ ಇರಲಿಲ್ಲವಲ್ಲ. ಥ್ಯಾಂಕ್ಸ್ ಅನ್ನುವ ಮಾತು ಅವಳೆದುರು ಬಾಯಿಗೆ ಬರುವುದಿಲ್ಲ, ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಹಾಕಿದ್ದಕ್ಕೆ, ಪಾತ್ರೆ ತಿಕ್ಕಲು ತೆಂಗಿನ ನಾರು ಒಣಗಿಸಿಟ್ಟಿದ್ದಕ್ಕೆ, ರಾಣಿಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಕ್ಕೆ, ಯಾವ ಮೀನಂತೆ ಅಂತ ಕೇಳಿದ್ದಕ್ಕೆ — ಅವಳಾಗಲೇ ನಡೆದಿದ್ದಾಳೆ, ಜನ ನಮ್ಮ ನಡುವೆ ನುಗ್ಗುತ್ತಿದ್ದಾರೆ, ಅವಳ ಬೆನ್ನು ಕಾಣುವುದಿಲ್ಲ, ತಲೆ ಕಾಣುವುದಿಲ್ಲ, ಹೆಗಲಿನ ಬಿಳಿ ಚೀಲದಿಂದ ಮೇಲಕ್ಕೆದ್ದ ನುಗ್ಗೆಕಾಯಿಗಳು ಮಾತ್ರ, ಒಂದು ದಿನ ಅವೂ ಕಾಣದೆ — ಬೇಡ, ಈಗ ಕಾಣುತ್ತಿವೆ, ಹೂವಿನಂಗಡಿಯ ಹತ್ತಿರ ಕಾಣುತ್ತಿವೆ, ನುಗ್ಗೆಕಾಯಿಗಳು, ಅವಳು ನಡೆದ ಹಾಗೆ ಅಲ್ಲಾಡುತ್ತಾ, ಜನರ ತಲೆಗಳ ನಡುವೆ ಹಸಿರಾಗಿ, ನುಗ್ಗೆಕಾಯಿಗಳು, ಅಲ್ಲಾಡುತ್ತಾ